ಸದ್ದಿಲ್ಲದೆ ಬಂದ ಬಾಡಿಗೆ ಕಾರು

ಆ ಕಾರಿನ ಬಗ್ಗೆ ಒಂದು ಒಳ್ಳೆಯ ಮಾತು ಬರೆಯೋಣವೆಂದು ಕೂತರೆ ಮೊದಲು ನೆನಪಾಗುವುದು ಅದರ ಬಣ್ಣ. ಅದೇನೂ ಒಳ್ಳೆಯ ಮಾತಲ್ಲ. ಅಕ್ಕಿ ತೊಳೆದ ನೀರಿನ ಬಣ್ಣ ಅದು. ಜೀಪಿನಷ್ಟು ಎತ್ತರವಿಲ್ಲ, ಕಾರಿನಷ್ಟು ತಗ್ಗೂ ಇಲ್ಲ. ಬಾಗಿಲುಗಳ ಕೆಳಗೆ ಸುತ್ತಲೂ ಕಪ್ಪು ಪ್ಲಾಸ್ಟಿಕ್ಕಿನ ಪಟ್ಟಿ, ನೆತ್ತಿಯ ಮೇಲೆ ಒಂದು ಬಾಳೆಗೊನೆಯನ್ನೂ ಕಟ್ಟಲಾಗದ ಎರಡು ಕಂಬಿ. ಕಾಡಿಗೂ ಬರುತ್ತೇನೆ ಎನ್ನುವ ವೇಷ, ಪೇಟೆ ಬಿಟ್ಟು ಕದಲುವುದಿಲ್ಲ ಎನ್ನುವ ಮನಸ್ಸು. ಹುಟ್ಟಿದಾಗಿನಿಂದ ಯಾರ ಜೊತೆಗೂ ಜಗಳವಾಡಿಲ್ಲದ ಮನುಷ್ಯರಿರುತ್ತಾರಲ್ಲ, ಅಂಥ ಗಾಡಿ. ಅಂಥವರ ಜೊತೆ ನನಗೆ ಹತ್ತು ನಿಮಿಷ ಕೂರಲಾಗುವುದಿಲ್ಲ. ಅದರ ಜೊತೆ ಒಂದಿಡೀ ದಿನ ಕೂರಬೇಕಾಯಿತು.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾನು ಮದುವೆಯಾಗಿ ಚಿಕ್ಕಮಗಳೂರಿಗೆ ಬಂದು, ಅಲ್ಲೇ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲ. ಬೆಟ್ಟ ನೋಡಲು ಬರುವವರು ಹೆಚ್ಚಾಗಿ, ಊರಲ್ಲಿ ಒಬ್ಬರು ಡ್ರೈವರ್ ಇಲ್ಲದೆ ಬರೀ ಕಾರನ್ನು ಬಾಡಿಗೆಗೆ ಕೊಡಲು ಶುರು ಮಾಡಿದ್ದರು. ನನಗೆ ಬೇಕಾಗಿದ್ದದ್ದು ನಮ್ಮ ದೊಡ್ಡಮ್ಮನ ಮಂಡಿಗಾಗಿ. ಬಣಕಲ್ಲಿನ ನಮ್ಮ ತವರಿನಲ್ಲಿ ಅಪ್ಪನ ಜೀಪಿತ್ತು, ಆದರೆ ಅದಕ್ಕೆ ಹತ್ತಬೇಕಾದರೆ ದೊಡ್ಡಮ್ಮನನ್ನು ಹಿಂದಿನಿಂದ ಇಬ್ಬರು ಎತ್ತಬೇಕು, ಮುಂದಿನಿಂದ ಒಬ್ಬರು ಎಳೆಯಬೇಕು.

ಕಾರಿನ ಮಾಲೀಕರು ನನ್ನನ್ನು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿಸಿದರು. "ಇಲ್ಲೊಂದು ಗೀರು ಇದೆ, ನೋಡ್ಕೊಳ್ಳಿ ಮೇಡಂ. ಇಲ್ಲೊಂದು ಸಣ್ಣ ತಗ್ಗು. ಹಿಂದೆ ಕೊಡುವಾಗ ಹೀಗೇ ಇರ್ಬೇಕು." ಆ ಗೀರುಗಳೇ ಅದರ ಮೈಮೇಲೆ ನೋಡಲು ಸಿಕ್ಕ ವಿಶೇಷಗಳಾದ್ದರಿಂದ ನಾನೂ ಆಸಕ್ತಿಯಿಂದ ನೋಡಿದೆ.

ಮೂಡಿಗೆರೆ ದಾಟುವುದರೊಳಗೆ ಗಾಡಿಯ ಗುಣ ಪೂರ್ತಿ ತಿಳಿಯಿತು. ಸ್ಟಿಯರಿಂಗ್ ಒಂದು ಬೆರಳಿಗೆ ತಿರುಗುತ್ತದೆ. ಜೀಪು ಓಡಿಸಿ ತೋಳು ಗಟ್ಟಿ ಮಾಡಿಕೊಂಡವಳಿಗೆ ಇದು ಹಪ್ಪಳ ಲಟ್ಟಿಸುವಷ್ಟೂ ಕೆಲಸವಲ್ಲ. ಕ್ಲಚ್ಚು ತುಳಿದದ್ದು ಕಾಲಿಗೇ ಗೊತ್ತಾಗುವುದಿಲ್ಲ. ಏರು ಬಂದಾಗ ಜೀಪಾದರೆ ಗೊಣಗುತ್ತದೆ, ಕೆಮ್ಮುತ್ತದೆ, ನಿಮ್ಮಿಂದ ನಾಲ್ಕು ಬೈಗುಳ ತಿಂದು ಹಟದಿಂದ ಹತ್ತುತ್ತದೆ. ಇದು ಮಾತಿಲ್ಲ ಕತೆಯಿಲ್ಲದೆ ನಿಧಾನವಾಗುತ್ತದೆ, ಅಷ್ಟೇ. ಹಿಂದಿನ ಬಸ್ಸಿನವನು ಹಾರನ್ ಹೊಡೆದ ಮೇಲೆಯೇ ನಾನು ನಡೆಯುವ ವೇಗದಲ್ಲಿದ್ದೇನೆಂದು ತಿಳಿದದ್ದು. ಬೈಯೋಣವೆಂದರೂ ಬೈಗುಳ ಬಾಯಿಗೆ ಬರಲಿಲ್ಲ. ಕಿಟಕಿ ಮುಚ್ಚಿದರೆ ಒಳಗೆ ಯಾವುದೋ ಹೂವಿನ ಸೆಂಟಿನ ವಾಸನೆ, ಜೊತೆಗೆ ನನ್ನದೇ ಉಸಿರಿನ ಸದ್ದು. ಬೇಸರಕ್ಕೆ ನಾನು ಮಗ್ಗಿ ಹೇಳಿಕೊಂಡು ಬಂದೆ.

ಬಣಕಲ್ಲಿನಲ್ಲಿ ಅಪ್ಪ ಟೈರಿಗೆ ಕಾಲಿನಿಂದ ಎರಡು ತಟ್ಟು ತಟ್ಟಿ, ಬಾನೆಟ್ ತೆಗೆಸಿದರು. ಒಳಗೆ ಎಲ್ಲದರ ಮೇಲೂ ಕರಿ ಪ್ಲಾಸ್ಟಿಕ್ಕಿನ ಮುಚ್ಚಳ.

"ಇದ್ರ ಎಂಜಿನ್ ಎಲ್ಲೇ ಇಟ್ಟಿದಾರೆ?"

"ಒಳಗಿದೆ ಅಪ್ಪ."

"ದಾರೀಲಿ ನಿಂತ್ರೆ ಎಂತ ಮಾಡ್ತೀಯ? ಕೈ ಹಾಕಕ್ಕೇ ಜಾಗ ಇಲ್ಲ."

"ನಿಲ್ಲಲ್ಲ ಅಂತೆ."

ಅಪ್ಪನಿಗೆ ಅದು ಸೊಕ್ಕಿನ ಮಾತಾಗಿ ಕೇಳಿಸಿತು. ಅವರ ಜೀಪು ದಿನಕ್ಕೊಮ್ಮೆಯಾದರೂ ನಿಲ್ಲುತ್ತಿತ್ತು. ಅದನ್ನು ಯಾವಾಗಲೂ ಇಳಿಜಾರಿಗೆ ಮೂತಿ ಮಾಡಿಯೇ ನಿಲ್ಲಿಸಬೇಕು, ಚಕ್ರಕ್ಕೆ ಕಲ್ಲು ಕೊಡಬೇಕು. ಅದರಲ್ಲಿ ಕೂತ ನೆಂಟರು, ತೋಟದ ಲೆಕ್ಕ ಬರೆಯುವ ರೈಟರು, ಮೇಸ್ತ್ರಿಗಳು, ಒಮ್ಮೆ ಪೂಜೆಗೆ ಬಂದ ಭಟ್ಟರು ಕೂಡ ಇಳಿದು ತಳ್ಳಿದವರೇ. ಯಾರೂ ಬೇಸರ ಮಾಡಿಕೊಂಡದ್ದಿಲ್ಲ. ತಳ್ಳಿದ ಮೇಲೆ ಅದು ಗುಡುಗಿ ಎದ್ದಾಗ ಎಲ್ಲರ ಮುಖದಲ್ಲೂ ತಾವೇ ಹೆತ್ತಷ್ಟು ಹೆಮ್ಮೆ ಇರುತ್ತಿತ್ತು.

ಇಷ್ಟೆಲ್ಲ ಸಡಗರ ನನ್ನ ತಂಗಿಗಾಗಿ. ಹದಿನೈದು ದಿನದ ಹಿಂದೆ ಬಾಳೂರಿನಾಚೆ, ಕಳಸದ ದಾರಿಯ ಒಂದು ಮನೆಯವರು ಬಂದು ಹೆಣ್ಣು ನೋಡಿ ಒಪ್ಪಿ ಹೋಗಿದ್ದರು. ಈಗ ನಮ್ಮ ಸರದಿ. ಹೆಣ್ಣಿನ ಕಡೆಯ ಹಿರಿಯರು ಹೋಗಿ ಗಂಡಿನ ಮನೆ, ತೋಟ ನೋಡಿ, ಮನಸ್ಸಿಗೆ ಬಂದರೆ ಅಲ್ಲೇ ವೀಳ್ಯ ಬದಲಾಯಿಸಿಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ವೀಳ್ಯವಾಯಿತೆಂದರೆ ಮದುವೆ ಗಟ್ಟಿ. ಆಮೇಲೆ ಬೇಡ ಎನ್ನುವ ಮಾತಿಲ್ಲ. ಹುಡುಗಿ ಮಾತ್ರ ಹೋಗುವಂತಿಲ್ಲ. ಮದುವೆಗೆ ಮೊದಲು ಅವಳು ಆ ಮನೆಯ ಹೊಸಿಲು ಮೆಟ್ಟಬಾರದು.

ಅಪ್ಪ "ನಿಂಗೆ ಒಪ್ಪಿಗೆಯೇನವ್ವ?" ಎಂದು ಕೇಳಿದಾಗ ತಂಗಿ "ಆಮೇಲೆ ಹೇಳ್ತೀನಿ" ಎಂದಿದ್ದಳಂತೆ. ಅಪ್ಪ ಅದನ್ನು ನಾಚಿಕೆ ಎಂದುಕೊಂಡು ದಿನ ಗೊತ್ತು ಮಾಡಿಬಿಟ್ಟಿದ್ದರು. ಹೆಣ್ಣು ನೋಡಲು ಬಂದ ದಿನ ನನಗೆ ರಜೆ ಸಿಕ್ಕಿರಲಿಲ್ಲ. ಅದಕ್ಕೇ ಅವಳು ಆ ಬೆಳಿಗ್ಗೆ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಅಕ್ಕ, ಅವನು ಒಂದು ಮಾತೂ ಆಡ್ಲಿಲ್ಲ. ಅವನ ಅಮ್ಮ ಮಾತಾಡಿದ್ರು, ಮಾವ ಮಾತಾಡಿದ್ರು. ಅವನು ತಲೆ ತಗ್ಗಿಸ್ಕೊಂಡು ಕೇಸರಿಬಾತ್ ತಿಂದು ಹೋದ. ಅವನಿಗೆ ನಾನು ಬೇಕಾ ಬೇಡ್ವಾ ಅಂತಾನೇ ಗೊತ್ತಿಲ್ಲ. ಅಮ್ಮ ಹೇಳಿದ್ರು ಅಂತ ಕಟ್ಕೊಳ್ಳೋನು ಆದ್ರೆ ನಾನು ಎಂತ ಮಾಡ್ಲಿ?"

"ನಾವು ಹೋಗಿ ಮಾತಾಡಿಸ್ಕೊಂಡು ಬರ್ತೀವಿ ಬಿಡು."

"ನಿಮ್ಮ ಹತ್ರ ಆಡೋ ಮಾತು ಬೇಡ. ಅವನು ಮಾತಾಡೋದು ನಾನೇ ಕೇಳ್ಬೇಕು. ಕೇಳ್ದೆ ನಾನು ಹೂಂ ಅನ್ನಲ್ಲ."

ನನ್ನ ತಂಗಿ ಮೆತ್ತಗಿನವಳು. ಅವಳು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನದೇ ಕತೆ ನೆನಪಾಯಿತು. ನಮ್ಮವರು ನನ್ನ ಗಂಡನ ಮನೆ ನೋಡಿ ಬಂದು ಹೊಗಳಿದ್ದೇ ಹೊಗಳಿದ್ದು. ಹಾಲ್, ಷೋಕೇಸು, ಫ್ರಿಜ್ಜು! ನಾನು ಮದುವೆಯಾಗಿ ಹೋದ ಮೂರನೆಯ ದಿನ ಆ ಫ್ರಿಜ್ಜನ್ನು ಇಬ್ಬರು ಹೊತ್ತುಕೊಂಡು ಪಕ್ಕದ ಮನೆಗೆ ಹೊರಟರು. ನನ್ನ ಗಂಡ "ರಿಪೇರಿಗೆ" ಎಂದರು. ಈಗಲೂ ಕೇಳಿದರೆ ರಿಪೇರಿಗೇ ಎನ್ನುತ್ತಾರೆ. ಒಳ್ಳೆಯ ಮನುಷ್ಯ, ನನ್ನ ಬಾಳು ನಗುನಗುತ್ತಲೇ ನಡೆದಿದೆ. ಆದರೆ ಅದು ನನ್ನ ಅದೃಷ್ಟ, ಫ್ರಿಜ್ಜು ನೋಡಿ ಬಂದವರ ಜಾಣತನವಲ್ಲ.

"ಕಾರು ಹತ್ತು," ಎಂದೆ.

ಅಪ್ಪ, ಚಿಕ್ಕಪ್ಪ ಜೀಪಿನಲ್ಲಿ ಮುಂದೆ ಹೊರಟಾಗಿತ್ತು. ದೊಡ್ಡಮ್ಮ ಹಿಂದಿನ ಸೀಟಿನಲ್ಲಿ "ಮಂಚದ ಮೇಲೆ ಕೂತ ಹಾಗಿದೆ" ಎನ್ನುತ್ತ ಕಾಲು ಚಾಚಿದ್ದರು. ಪಕ್ಕಕ್ಕೆ ಬಂದು ಕೂತ ತಂಗಿಯನ್ನು ಮೇಲಿಂದ ಕೆಳಗೆ ನೋಡಿದರು. ಬೈಯುತ್ತಾರೆಂದುಕೊಂಡೆ. "ಬರ್ಲಿ ಬಿಡೇ," ಎಂದರು. "ನಂಗೂ ಕೇಳ್ಬೇಕಂತ ಇತ್ತು. ನನ್ನ ಕಾಲದಲ್ಲಿ ಯಾರೂ ಕಾರು ತರ್ಲಿಲ್ಲ." ಹಾಗೆಂದು ತಮ್ಮ ಶಾಲು ತೆಗೆದು ತಂಗಿಯ ತಲೆಯ ಮೇಲೆ ಹಾಕಿದರು.

ನಮ್ಮ ಯೋಜನೆ ಹೀಗಿತ್ತು. ಆ ಮನೆಗೆ ತಿರುಗುವಲ್ಲಿ ಒಂದು ಬಸ್ ಶೆಲ್ಟರ್ ಇದೆ. ತಂಗಿ ಅಲ್ಲಿ ಇಳಿದು ಕೂರುವುದು. ಎಲ್ಲರೂ ಹೊರಡುವ ಮೊದಲು ನಾನು ಏನಾದರೂ ನೆವ ಹೇಳಿ ಹುಡುಗನನ್ನು ಅಲ್ಲಿಯವರೆಗೆ ಕರೆತರುವುದು. ಯೋಜನೆ ಎಂದರೆ ಇದೇ, ಇದಕ್ಕಿಂತ ಬುದ್ಧಿ ಇಬ್ಬರಿಗೂ ಹೊಳೆಯಲಿಲ್ಲ.

ಕೊಟ್ಟಿಗೆಹಾರದಲ್ಲಿ ಅಪ್ಪ ಹಣ್ಣು ಕೊಳ್ಳಲು ಜೀಪು ನಿಲ್ಲಿಸಿದ್ದರು. ತಂಗಿ ಸೀಟಿನ ಕೆಳಗೆ ಮುದುರಿ ಕೂತಳು. ದೊಡ್ಡಮ್ಮ ಅವಳ ಮೇಲೆ ಶಾಲು ಹೊದಿಸಿ, ಮಡಿಲಿನ ಚೀಲವನ್ನು ಅದರ ಮೇಲಿಟ್ಟರು. "ನೀವು ಹೋಗ್ತಾ ಇರಿ," ಎಂದರು ಅಪ್ಪ. "ನಿನ್ನ ಈ ಗಾಡಿ ಏರು ಹತ್ತೋದ್ರೊಳಗೆ ನಾವು ಹಿಡೀತೀವಿ." ಅವರು ನಮ್ಮನ್ನು ಹಿಡಿಯಲಿಲ್ಲ. ಹಣ್ಣು ಕೊಂಡು ಬಂದರೆ ಜೀಪು ಏಳಲಿಲ್ಲವಂತೆ. ಹೋಟೆಲಿನಲ್ಲಿ ನೀರುದೋಸೆ ತಿನ್ನುತ್ತಿದ್ದವರೆಲ್ಲ ಎದ್ದು ಬಂದು ತಳ್ಳಬೇಕಾಯಿತಂತೆ. ಅದು ನಮಗೆ ಆಮೇಲೆ ಗೊತ್ತಾದದ್ದು.

ಬಾಳೂರಿನ ತಿರುವುಗಳಲ್ಲಿ ನಾವು ಮೂವರೇ. ಜನವರಿಯ ಬಿಸಿಲು, ಮನೆಮನೆಯ ಕಣದಲ್ಲಿ ಒಣಗುತ್ತಿದ್ದ ಕಾಫಿ ಹಣ್ಣಿನ ಹುಳಿ ವಾಸನೆ. ನಾನು ಕಿಟಕಿ ಇಳಿಸಿ ಆ ಹೂವಿನ ಸೆಂಟನ್ನು ಓಡಿಸಿದೆ. ದೊಡ್ಡಮ್ಮ ತಮ್ಮ ಮದುವೆಯ ಕತೆ ಹೇಳಿ ನಗಿಸಿದರು. ಮೂರು ಹೆಂಗಸರು, ಗಂಡಸರಿಲ್ಲದ ಒಂದು ಗಾಡಿ, ಎಲ್ಲಿಗಾದರೂ ಹೋಗಬಹುದಾದ ರಸ್ತೆ. ಆ ಕಾರನ್ನು ನಾನು ಅಷ್ಟು ಬೈದಿದ್ದೇನೆ, ಆದರೆ ಆ ಅರ್ಧ ಗಂಟೆ ನನಗೆ ಬಹಳ ಖುಷಿಯಾಗಿತ್ತು.

ಬಸ್ ಶೆಲ್ಟರ್ ಬಂತು. ಅದರೊಳಗೆ ಗರಿಗರಿ ಬಿಳಿ ಪಂಚೆಯುಟ್ಟ ಹಿರಿಯರೊಬ್ಬರು ಕೂತಿದ್ದರು. ಬಾಳೂರಿನ ಕಡೆಗೆ ಕಿವಿ ಕೊಟ್ಟು, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಕಣ್ಣು ಮುಚ್ಚಿದ್ದರು.

"ಅಯ್ಯೋ, ಹುಡುಗನ ಮಾವ!" ಎಂದು ತಂಗಿ ಶಾಲಿನೊಳಗೆ ಮುಳುಗಿದಳು.

ಅವರು ಅಲ್ಲಿ ಯಾಕೆ ಕೂತಿದ್ದಾರೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಟ್ಟದ ದಾರಿಯಲ್ಲಿ ಜೀಪು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಎರಡು ತಿರುವು ಆಚೆ ಇರುವಾಗಲೇ ಇದು ಇಂಥವರ ಜೀಪೆಂದು ಮನೆಯವರಿಗೆ ತಿಳಿಯುತ್ತದೆ. ಅದು ಬಂದು ನಿಲ್ಲುವುದರೊಳಗೆ ಒಲೆಯ ಮೇಲೆ ನೀರು ಕುದಿಯುತ್ತಿರುತ್ತದೆ, ಹರಿದ ಲುಂಗಿ ಒಳಗೆ ಹೋಗಿ ಪಂಚೆ ಹೊರಗೆ ಬಂದಿರುತ್ತದೆ. ಆದ್ದರಿಂದ ಬಂದವರು ಯಾರೂ ಯಾರ ಮನೆಯನ್ನೂ ಇದ್ದ ಹಾಗೆ ನೋಡಿದ್ದೇ ಇಲ್ಲ. ಮಾವ ನಮ್ಮಪ್ಪನ ಜೀಪಿನ ಸದ್ದಿಗೆ ಕಾಯುತ್ತಿದ್ದರು. ಸದ್ದು ಕೇಳಿದೊಡನೆ ಒಂದು ಕೂಗು ಹಾಕುವುದು ಅವರ ಕೆಲಸ.

ನಮ್ಮ ಕಾರು ಅವರ ಮೊಣಕಾಲಿನ ಹತ್ತಿರ ಹೋಗಿ ನಿಂತರೂ ಅವರು ಕಣ್ಣು ಬಿಡಲಿಲ್ಲ. ನಾನು ಕೆಮ್ಮಿದೆ. ಬೆಚ್ಚಿಬಿದ್ದು ಎದ್ದರು. ಹೆಣ್ಣು ನೋಡಲು ಬಂದ ದಿನ ನಾನಿರಲಿಲ್ಲ, ಮಂಡಿನೋವಿನ ದೊಡ್ಡಮ್ಮ ಒಳಕೋಣೆ ಬಿಟ್ಟು ಬಂದಿರಲಿಲ್ಲ, ಹಾಗಾಗಿ ನಮ್ಮಿಬ್ಬರನ್ನೂ ಅವರು ಕಂಡವರಲ್ಲ. ಕಾರನ್ನು ನೋಡಿದರು, ಅದರ ಬಣ್ಣ ನೋಡಿದರು, ತೀರ್ಮಾನಕ್ಕೆ ಬಂದರು.

"ಹೋಮ್‌ಸ್ಟೇ ಇಲ್ಲಲ್ಲಮ್ಮ. ಇನ್ನೂ ಮುಂದೆ ಹೋಗ್ಬೇಕು. ಇಲ್ಲಿ ನಿಲ್ಲಿಸ್ಬೇಡಿ ಮಾರಾಯ್ತಿ, ದಾರಿ ಕಿರಿದು, ನೆಂಟ್ರ ಜೀಪು ಬರೋ ಹೊತ್ತು. ಸೀದಾ ಆ ಅಂಗಳಕ್ಕೆ ಹೋಗಿ ತಿರುಗಿಸ್ಕೊಂಡು ಬಂದ್ಬಿಡಿ. ಬೇಗ, ಬೇಗ!"

ನಾವೇ ಆ ನೆಂಟರು ಎನ್ನಲು ನಾನು ಬಾಯಿ ತೆರೆದೆ. ಹಿಂದಿನಿಂದ ದೊಡ್ಡಮ್ಮ ನನ್ನ ಭುಜ ಚಿವುಟಿದರು. "ಕುಡಿಯಕ್ಕೆ ಒಂಚೂರು ನೀರು ಸಿಗ್ತದಾ?" ಎಂದು ಮಾವನನ್ನು ಕೇಳಿದರು, ಮೂರು ದಿನ ಮರುಭೂಮಿಯಲ್ಲಿ ಇದ್ದು ಬಂದವರ ಧ್ವನಿಯಲ್ಲಿ.

"ಮನೇಲಿ ಕೇಳಿ, ಕೊಡ್ತಾರೆ. ಜೀಪು ಬರೋದ್ರೊಳಗೆ ಹೊರಟ್ಬಿಡಿ ಮತ್ತೆ," ಎಂದು ಅವರು ಮತ್ತೆ ಕಿವಿಗೆ ಕೈ ಕೊಟ್ಟರು.

ಅಂಗಳಕ್ಕೆ ಹೋದರೆ ಅಲ್ಲೂ ಯಾರೂ ತಿರುಗಿ ನೋಡಲಿಲ್ಲ. ಹರವಿದ ಕಾಫಿಯ ನಡುವಿನ ದಾರಿಯಲ್ಲಿ ಒಂದು ದೊಡ್ಡ ಕೆಂಪು ಸೋಫಾ ನಡೆದು ಹೋಗುತ್ತಿತ್ತು. ಮುಂದಿನ ತುದಿಯನ್ನು ಒಬ್ಬ ಆಳು ಹಿಡಿದಿದ್ದ. ಹಿಂದಿನ ತುದಿಯಲ್ಲಿ ಲುಂಗಿ ಎತ್ತಿ ಕಟ್ಟಿದ, ಬನಿಯನ್ನಿನ ಯುವಕ. ಬಾಗಿಲಲ್ಲಿ ಅವನ ತಾಯಿ.

"ಅಮ್ಮಾ, ಇದು ನಮ್ಮ ಬಾಗಿಲಲ್ಲಿ ಹಿಡಿಯಲ್ಲ," ಎನ್ನುತ್ತಿದ್ದ ಅವನು. "ಆಚೆಮನೆಯವರು ಮೊದಲು ಸೋಫಾ ಇಟ್ಟು ಆಮೇಲೆ ಸುತ್ತ ಗೋಡೆ ಕಟ್ಟಿರ್ಬೇಕು. ನಾನು ಹೇಳ್ದೆ, ಎರಡು ಕುರ್ಚಿ ಸಾಕು ಅಂತ. ಕೂರೋರಿಗೆ ಕೂರಕ್ಕೆ ಜಾಗ ಬೇಕು ಹೊರತು, ಯಾರಾದ್ರೂ ಸೋಫಾ ನೋಡಿ ಹೆಣ್ಣು ಕೊಡ್ತಾರಾ?"

ಕೊಡುತ್ತಾರೆ ಎಂದು ನನಗೆ ಗೊತ್ತಿತ್ತು. ಕನ್ನಡಿಯಲ್ಲಿ ನೋಡಿದೆ. ಶಾಲಿನ ಸಂದಿಯಲ್ಲಿ ತಂಗಿಯ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಅದು ತಟ್ಟೆಯಷ್ಟು ಅಗಲವಾಗಿತ್ತು.

ಹಾರನ್ ಒತ್ತಿದೆ. ಅವನು ಹೌಹಾರಿ ಸೋಫಾ ಬಿಟ್ಟ. "ಅಯ್ಯೋ, ಕಾಫಿ ಮೇಲೆ ಹತ್ತಿಸ್ಬೇಡಿ!" ಎಂದು ಓಡಿ ಬಂದು, ಎಡಕ್ಕೆ, ಬಲಕ್ಕೆ, ಇನ್ನೂ, ಇನ್ನೂ, ಸಾಕು ಎಂದು ತಾನೇ ಕಾರು ತಿರುಗಿಸಿಕೊಟ್ಟ. ನೀರು ಕೇಳಿದ್ದಕ್ಕೆ ಒಳಗೆ ಹೋಗಿ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದ. ಬಾಯಿ ಮಾತ್ರ ಒಂದು ಕ್ಷಣ ನಿಲ್ಲಲಿಲ್ಲ.

"ಪೇಟೆ ಕಡೆಯವರಾ? ಬೇರೆ ದಿನ ಆಗಿದ್ರೆ ಕಾಫಿ ಕುಡಿಸ್ದೆ ಬಿಡ್ತಿರ್ಲಿಲ್ಲ. ಇವತ್ತು ಹುಡುಗಿ ಕಡೆಯವರು ಮನೆ ನೋಡಕ್ಕೆ ಬರ್ತಾರೆ. ಬೆಳಿಗ್ಗೆಯಿಂದ ಅಮ್ಮ ನನ್ನನ್ನೂ ಒಂದೆರಡು ಸಲ ಒರೆಸಿ ಇಟ್ಟಿದಾರೆ."

"ಹುಡುಗಿ ನೋಡಿ ಆಯ್ತಾ?" ಎಂದರು ದೊಡ್ಡಮ್ಮ, ಏನೂ ಅರಿಯದವರಂತೆ.

"ಆಯ್ತು. ಅಂದ್ರೆ, ಅವರು ನನ್ನ ನೋಡಿದ್ರು. ನಾನು ಕೇಸರಿಬಾತ್ ನೋಡ್ತಾ ಇದ್ದೆ. ಮಾವ ಮೊದ್ಲೇ ಹೇಳಿದ್ರು, ನೀನು ಬಾಯಿ ಬಿಟ್ರೆ ಮನೆ ಗುಟ್ಟೆಲ್ಲ ಹೊರಗೆ ಬರ್ತದೆ, ತೆಪ್ಪಗಿರು ಅಂತ."

"ಸೋಫಾ ಚೆನ್ನಾಗಿದೆ," ಎಂದೆ ನಾನು. ನನ್ನ ನಾಲಗೆ ತುರಿಸುತ್ತಿತ್ತು.

"ನಮ್ದಲ್ಲ. ಸಂಜೆಗೆ ವಾಪಸ್ ಹೋಗ್ತದೆ."

"ಹುಡುಗಿಗೆ ಹೇಳ್ತೀರಾ?"

ಅವನು ಚೊಂಬು ಹಿಡಿದುಕೊಂಡೇ ಯೋಚಿಸಿದ. "ಇವತ್ತು ಹೇಳಿದ್ರೆ ಅಮ್ಮ ಕೊಲ್ತಾರೆ. ಮದುವೆ ಆದ್ಮೇಲೆ ಹೇಳಿದ್ರೆ ಅವಳು ಕೊಲ್ತಾಳೆ. ನಡುವೆ ಒಂದು ದಿನ ಹುಡುಕ್ತಾ ಇದೀನಿ."

ಶಾಲಿನೊಳಗಿಂದ ಒಂದು ಸದ್ದು ಬಂತು. ಬಿಕ್ಕಳಿಕೆಯೂ ಅಲ್ಲ, ಕೆಮ್ಮೂ ಅಲ್ಲ. "ಪಾಪ, ಅವರಿಗೂ ನೀರು ಕೊಡಿ," ಎಂದ ಅವನು. "ತಿರುವಿಗೆ ತಲೆ ಸುತ್ತಿರ್ಬೇಕು."

ಆಗ ಕೇಳಿಸಿತು. ಎರಡು ತಿರುವು ಆಚೆ, ಮೂರನೇ ಗೇರಿನಿಂದ ಎರಡಕ್ಕೆ ಇಳಿಯುವಾಗಿನ ಆ ಗುಡುಗು. ನಮ್ಮಪ್ಪನ ಜೀಪು. "ಬಂತು! ಬಂತು!" ಎಂದು ಕೂಗುತ್ತ ಮಾವ ಪಂಚೆ ಹಿಡಿದುಕೊಂಡು ಓಡಿ ಬಂದರು. ಅಷ್ಟರಲ್ಲಿ ಆಳೂ ತಾಯಿಯೂ ಸೇರಿ ತಳ್ಳಿದ ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು, ಒಳಗೂ ಹೋಗದು, ಹೊರಗೂ ಬಾರದು. ಹುಡುಗ ಕಿಟಕಿಯ ಮೂಲಕವೇ ಮನೆಯೊಳಗೆ ಜಿಗಿದ.

ನಾನು ಕೀಲಿ ತಿರುಗಿಸಿದೆ. ಆ ಕಾರಿಗೆ ಕೈಕೊಟ್ಟು ಗೊತ್ತಿಲ್ಲ, ತಟ್ಟನೆ ಸ್ಟಾರ್ಟ್ ಆಯಿತು. ಈಗ ಹೊರಟರೆ ಜೀಪು ಬರುವುದರೊಳಗೆ ತಂಗಿಯನ್ನು ರಸ್ತೆಗೆ ಮುಟ್ಟಿಸಬಹುದಿತ್ತು.

"ಆಫ್ ಮಾಡಕ್ಕ," ಎಂದಳು ತಂಗಿ.

"ಹುಚ್ಚಾ ನಿಂಗೆ?"

"ಆಫ್ ಮಾಡು. ಅವನು ಎಲ್ಲಾದಕ್ಕೂ ಮಾತಾಡಿದ. ನಾನು ಕೇಳ್ಬೇಕಾದ್ದು ಒಂದು ಉಳೀತು."

ಆಫ್ ಮಾಡಿದೆ.

ಜೀಪು ಬಂದು ನಿಂತಿತು. ಚಿಕ್ಕಪ್ಪ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ಅಪ್ಪ ಇಳಿದವರೇ ನನ್ನ ಕಾರು ನೋಡಿ, "ಅಡ್ಡಿಲ್ಲ, ಮುಂಚೇನೇ ಬಂದು ಮುಟ್ಟಿದೆಯಲ್ಲೇ!" ಎಂದರು.

ಮಾವ ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. "ಇವರು... ನಿಮ್ಮವರಾ?"

"ದೊಡ್ಡ ಮಗಳು. ಅವರು ನಮ್ಮ ಅತ್ತಿಗೆ."

ಇಸ್ತ್ರಿ ಮಾಡಿದ ಪಂಚೆಯುಟ್ಟು ಅದೇ ಕಿಟಕಿಯಿಂದ ಹೊರಗೆ ಬಂದ ಹುಡುಗ ಅಲ್ಲೇ ನಿಂತುಬಿಟ್ಟ. ಕಳೆದ ಹತ್ತು ನಿಮಿಷದಲ್ಲಿ ಆಡಿದ್ದನ್ನೆಲ್ಲ ಅವನು ಒಂದೊಂದಾಗಿ ನೆನೆಸಿಕೊಳ್ಳುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ನನಗೆ ನಗುವೂ ಬಂತು, ಪಾಪವೂ ಅನ್ನಿಸಿತು. ಅಷ್ಟರಲ್ಲಿ ಕಾರಿನ ಹಿಂದಿನ ಬಾಗಿಲು ತೆರೆಯಿತು. ತಂಗಿ ಇಳಿದು, ಶಾಲನ್ನು ಮಡಿಸಿ ದೊಡ್ಡಮ್ಮನ ಕೈಗೆ ಕೊಟ್ಟು, ಅಂಗಳದ ನಡುವೆ ಹೋಗಿ ನಿಂತಳು.

"ಅಯ್ಯೋ ದೇವರೇ, ಹೊಸಿಲು..." ಎಂದರು ಹುಡುಗನ ತಾಯಿ.

"ನಾನು ಒಳಗೆ ಬರಲ್ಲಮ್ಮ. ಇಲ್ಲೇ ನಿಂತು ಒಂದು ಮಾತು ಕೇಳಿ ಹೋಗ್ತೀನಿ." ಅವಳು ಹುಡುಗನ ಕಡೆ ತಿರುಗಿದಳು. "ಅವತ್ತು ಎಲ್ರೂ ಒಪ್ಪಿಗೆ ಅಂದ್ರು. ನೀವು ಹೇಳ್ಲಿಲ್ಲ. ನಿಮಗೆ ಒಪ್ಪಿಗೆಯಾ?"

ಅಪ್ಪ ಏನೋ ಹೇಳಹೋದರು. ದೊಡ್ಡಮ್ಮ ಕಾರಿನೊಳಗಿಂದಲೇ "ಸುಮ್ನಿರಿ ನೀವು!" ಎಂದು ಗದರಿದರು. ಹುಡುಗ ಬಾಯಿ ತೆರೆದ, ಮುಚ್ಚಿದ. ಕಣದ ಮೇಲೆ ಕಾಫಿ ಎಳೆಯುತ್ತಿದ್ದ ಹೆಂಗಸರೂ ಕೈ ನಿಲ್ಲಿಸಿದರು. ಇವನು ಈಗಲೂ ಸುಮ್ಮನಿದ್ದರೆ ನನ್ನ ತಂಗಿ ತಿರುಗಿ ಬಂದು ಕಾರಿನಲ್ಲಿ ಕೂರುತ್ತಾಳೆ, ಆಮೇಲೆ ಯಾರು ಏನು ಹೇಳಿದರೂ ಇಲ್ಲಿಗೆ ಮುಖ ಹಾಕುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಮದುವೆಯಲ್ಲಿ ಈ ಪ್ರಶ್ನೆಯನ್ನು ನಾನೂ ಕೇಳಿರಲಿಲ್ಲ, ನನ್ನ ಗಂಡನೂ ಕೇಳಿರಲಿಲ್ಲ. ಅಂಗಳದ ನಡುವೆ ಒಬ್ಬಳೇ ನಿಂತ ಅವಳನ್ನು ನೋಡಿ ನನಗೆ ಹೆಮ್ಮೆಯಾಯಿತು, ಒಂಚೂರು ಹೊಟ್ಟೆಕಿಚ್ಚೂ ಆಯಿತು.

ತಡೆಯಲಾರದೆ ಹೋದವರು ಮಾವ. "ಮಾತಾಡೋ ಮಾರಾಯ! ದಿನವಿಡೀ ಬಾಯಿ ಮುಚ್ಚಲ್ಲ, ಈಗ ಎಂತ ಬಂತು ನಿಂಗೆ?"

"ಮಾವ ಬೇಡ ಅಂದಿದ್ದಕ್ಕಲ್ಲ ನಾನು ಸುಮ್ನಿದ್ದಿದ್ದು," ಎಂದ ಅವನು ಕೊನೆಗೆ, ಅವಳನ್ನೇ ನೋಡುತ್ತ. "ಮಾವ ಹೇಳಿದ್ದನ್ನ ನಾನು ಯಾವತ್ತೂ ಕೇಳ್ದವನಲ್ಲ. ಬಾಯಿ ಬಿಟ್ರೆ ನಿಮ್ಮನ್ನ ಕೇಳ್ಬೇಕಾಗ್ತಿತ್ತು. ಕೇಳಿದ್ರೆ ನೀವು ಬೇಡ ಅಂದ್ಬಿಟ್ರೆ ಅಂತ ಹೆದ್ರಿಕೆ ಆಯ್ತು. ನಂಗೆ ಅವತ್ತೇ ಒಪ್ಪಿಗೆ."

ತಂಗಿ ನಕ್ಕಳು. ಅವಳ ಕಣ್ಣಲ್ಲಿ ನೀರಿತ್ತು.

"ಬೇಡ ಅನ್ನೋಳಾಗಿದ್ರೆ," ಎಂದಳು, "ಬಣಕಲ್ಲಿಂದ ಇಲ್ಲೀವರೆಗೂ ಶಾಲು ಹೊದ್ಕೊಂಡು ಮುದುರಿ ಕೂತ್ಕೊಂಡು ಬರ್ತಿದ್ನಾ ನಾನು?"